ಹತ್ತು ತೆಂಗಿನ ಮರದ ದೂರ: ಮಾಂಟೆರೇ ಕೊಲ್ಲಿಯ ತಿಮಿಂಗಿಲ ದೋಣಿಗಳ ಬಗ್ಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಸುತ್ತಾಡಿಸುವ ಜಾಗಗಳ ಪಟ್ಟಿ ಯಾರ ಮನೆಯಲ್ಲಾದರೂ ಹೆಚ್ಚುಕಡಿಮೆ ಒಂದೇ. ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನ, ಯೋಸೆಮಿಟಿ, ಅಷ್ಟಾದ ಮೇಲೆ ಮಾಂಟೆರೇ. ಮಾಂಟೆರೇಗೆ ಹೋದವರೂ ಅಕ್ವೇರಿಯಂ ನೋಡಿ, ದಡದಲ್ಲಿ ನಿಂತು ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆಯೇ ಹೊರತು ಅಲ್ಲಿನ ತಿಮಿಂಗಿಲ ವೀಕ್ಷಣೆಯ ದೋಣಿ ಹತ್ತುವವರು ಕಡಿಮೆ. ತಲೆಗೆ 70–80 ಡಾಲರ್ ಎಂದ ಕೂಡಲೇ ಅಪ್ಪಂದಿರು ಅದನ್ನು ರೂಪಾಯಿಗೆ ಗುಣಿಸಿ, "ಟೀವಿಯಲ್ಲಿ ನೋಡಿದರಾಯಿತು ಬಿಡು" ಎಂದುಬಿಡುತ್ತಾರೆ. ತಿಪಟೂರಿನ ನಿವೃತ್ತ ಹೈಸ್ಕೂಲ್ ಮೇಷ್ಟರಾದ ನನ್ನ ಅಪ್ಪನೂ ಹಾಗೆಯೇ ಎಂದಿದ್ದರು. ಆದರೂ ಕಳೆದ ಜುಲೈನಿಂದ ಈ ಜನವರಿಯೊಳಗೆ ಮೂರು ಬಾರಿ, ಮೂರು ಬೇರೆ ಬೇರೆ ಸಂಸ್ಥೆಗಳ ದೋಣಿಗಳಲ್ಲಿ, ನಮ್ಮ ಮನೆಯವರು ಆ ಕೊಲ್ಲಿಗೆ ಹೋಗಿ ಬಂದೆವು. ಅವುಗಳಲ್ಲಿ ಒಂದಕ್ಕೆ ತೆತ್ತ ಹಣ ದಂಡವಾಯಿತು, ಇನ್ನೊಂದಕ್ಕೆ ಅದರ ಎರಡು ಪಟ್ಟು ಕೇಳಿದ್ದರೂ ಕೊಡುತ್ತಿದ್ದೆ, ಮೂರನೆಯದು ಅವೆರಡರ ನಡುವಿನದು. ಮೂರು ಬಾರಿಯೂ ತಿಮಿಂಗಿಲ ಕಂಡಿತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ದೋಣಿಗೂ ಮತ್ತೊಂದು ದೋಣಿಗೂ ಇರುವ ವ್ಯತ್ಯಾಸ ತಿಳಿಯುವುದು ತಿಮಿಂಗಿಲ ಕಂಡ ಮೇಲೆ ಕ್ಯಾಪ್ಟನ್ ಏನು ಮಾಡುತ್ತಾನೆ ಎಂಬುದರಿಂದ.

ಈ ಕೊಲ್ಲಿಯಲ್ಲಿ ತಿಮಿಂಗಿಲ ಕಾಣುವುದಕ್ಕೆ ಅದೃಷ್ಟಕ್ಕಿಂತ ದೊಡ್ಡ ಕಾರಣ ನೀರಿನ ಅಡಿಯಲ್ಲಿದೆ. ನಮ್ಮ ಕರಾವಳಿಯಲ್ಲಿ ಕಡಲ ತಳ ಹತ್ತಾರು ಕಿಲೋಮೀಟರ್‌ವರೆಗೆ ಮೆಲ್ಲಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಕಾರವಾರದಲ್ಲೋ ಗೋಕರ್ಣದಲ್ಲೋ ದೋಣಿ ಹತ್ತಿದ ಪ್ರವಾಸಿಗರಿಗೆ ಡಾಲ್ಫಿನ್ ಕಂಡರೆ ಅದೇ ದೊಡ್ಡದು. ಮಾಂಟೆರೇ ಕೊಲ್ಲಿಯ ನಡುಭಾಗದಲ್ಲಿ ಮಾಸ್ ಲ್ಯಾಂಡಿಂಗ್ ಎಂಬ ಪುಟ್ಟ ಬಂದರು ಇದೆ. ಆ ಬಂದರಿನ ಬಾಯಿಯ ಹತ್ತಿರವೇ ನೀರಿನೊಳಗೆ ಒಂದು ಕಮರಿ ಆರಂಭವಾಗಿ, ಪಶ್ಚಿಮಕ್ಕೆ ಸಾಗುತ್ತಾ ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ. ಅರಿಜೋನಾದ ಗ್ರ್ಯಾಂಡ್ ಕ್ಯಾನಿಯನ್ನಿಗೆ ಹೋಲಿಸುವಷ್ಟು ದೊಡ್ಡ ಕಮರಿ ಅದು. ವಸಂತ ಮತ್ತು ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ಸರಿಸಿದಾಗ, ಆ ಜಾಗ ತುಂಬಲು ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಅದರಿಂದ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು, ಅವುಗಳನ್ನು ತಿನ್ನಲು ಸಣ್ಣ ಸೀಗಡಿಯಂಥ ಕ್ರಿಲ್, ಆಂಚೊವಿ ಮೀನು, ಕೊನೆಗೆ ಇವೆಲ್ಲವನ್ನೂ ಬಾಯ್ತುಂಬ ನುಂಗಲು ತಿಮಿಂಗಿಲ. ದಡದಿಂದ ಅರ್ಧ ಗಂಟೆಯ ದೂರದಲ್ಲೇ ಹೀಗೆ ಅನ್ನದ ಕಣಜ ಇರುವ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ. ಅಮೆರಿಕ ಸರ್ಕಾರ 1992ರಲ್ಲಿ ಈ ಕೊಲ್ಲಿಯನ್ನೂ ಅದರ ಉತ್ತರ ದಕ್ಷಿಣದ ಕಡಲನ್ನೂ ಸೇರಿಸಿ, 276 ಮೈಲಿ ಕರಾವಳಿಯುದ್ದಕ್ಕೆ ರಾಷ್ಟ್ರೀಯ ಕಡಲ ಅಭಯಾರಣ್ಯ ಎಂದು ಘೋಷಿಸಿದೆ.

ಯಾವ ತಿಂಗಳಿಗೆ ಯಾವ ತಿಮಿಂಗಿಲ ಎಂಬುದನ್ನು ತಿಳಿಯದೆ ಟಿಕೆಟ್ ತೆಗೆಯಬಾರದು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಾಲ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಬೆಚ್ಚನೆಯ ನೀರಿನಲ್ಲಿ ಚಳಿಗಾಲ ಕಳೆದು ಇಲ್ಲಿಗೆ ಹೊಟ್ಟೆ ತುಂಬಿಸಿಕೊಳ್ಳಲು ಬರುವ ಇವು 40–50 ಅಡಿ ಉದ್ದ ಇರುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ, ಕ್ರಿಲ್ ಚೆನ್ನಾಗಿದ್ದ ವರ್ಷ, ನೀಲಿ ತಿಮಿಂಗಿಲವೂ ಬರುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಗ್ರೇ ತಿಮಿಂಗಿಲಗಳು ಆರ್ಕ್‌ಟಿಕ್ ಸಮುದ್ರದಿಂದ ಮೆಕ್ಸಿಕೋದ ಬಾಹಾದವರೆಗೆ ಹೋಗಿ ಮರಳುವಾಗ ಈ ದಾರಿಯಲ್ಲಿ ಹಾಯುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ, ಗ್ರೇ ತಾಯಂದಿರು ಮರಿಗಳೊಂದಿಗೆ ಉತ್ತರಕ್ಕೆ ಹೊರಟಾಗ, ಕಮರಿಯ ಮೇಲೆ ಅವುಗಳಿಗಾಗಿ ಓರ್ಕಾಗಳು (ಕೊಲೆಗಾರ ತಿಮಿಂಗಿಲಗಳು) ಕಾದಿರುತ್ತವೆ. ಊರಿನಿಂದ ಬರುವ ಹಿರಿಯರು ಬಹುಪಾಲು ಬೇಸಿಗೆಯಲ್ಲೇ ಬರುವುದರಿಂದ ಅವರ ಪಾಲಿಗೆ ಸಿಗುವುದು ಹಂಪ್‌ಬ್ಯಾಕ್, ಮತ್ತು ಮೊದಲ ಸಲ ನೋಡುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಬಾಲ ಎತ್ತುವುದು, ಹಾರುವುದು, ರೆಕ್ಕೆ ಬಡಿಯುವುದು, ಎಲ್ಲ ಆಟವನ್ನೂ ಅದು ಒಂದೇ ಮಧ್ಯಾಹ್ನ ಆಡಿ ತೋರಿಸುತ್ತದೆ.

ಈಗ ಮೊದಲನೆಯ ಪ್ರಯಾಣದ ಮಾತು. ಜುಲೈ ಮಧ್ಯದ ಒಂದು ಶನಿವಾರ, ಮಾಂಟೆರೇಯ ಫಿಷರ್‌ಮನ್ಸ್ ವಾರ್ಫ್‌ನಿಂದ ಹೊರಡುವ ಒಂದು ದೊಡ್ಡ ದೋಣಿಯಲ್ಲಿ ನಾಲ್ವರಿಗೆ ಸ್ಥಳ ಕಾದಿರಿಸಿದೆವು. ಸಂಸ್ಥೆಯ ಹೆಸರು ಇಲ್ಲಿ ಬೇಡ. ನೂರಕ್ಕೂ ಹೆಚ್ಚು ಜನ ಹಿಡಿಸುವ ದೋಣಿ ಭರ್ತಿಯಾಗಿತ್ತು. ಕಂಬಿಯ ಪಕ್ಕ ಜಾಗ ಹಿಡಿಯಲು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕುವ ಚಾಕಚಕ್ಯತೆ ಬೇಕಾಯಿತು, ಮತ್ತು ಅದು ನಮಗೆ ಇಲ್ಲಿ ಮರೆತುಹೋಗಿತ್ತು. ದೋಣಿ ಬಂದರು ಬಿಟ್ಟದ್ದೇ ವೇಗ ಹಿಡಿದು, ರೇಡಿಯೋದಲ್ಲಿ ಬೇರೆ ದೋಣಿಗಳು ಹೇಳಿದ ಜಾಗಕ್ಕೆ ಓಡಿತು. ಅಲ್ಲಿ ಆಗಲೇ ನಾಲ್ಕು ದೋಣಿಗಳು ಒಂದು ಹಂಪ್‌ಬ್ಯಾಕಿನ ಸುತ್ತ ನಿಂತಿದ್ದವು, ನಮ್ಮದು ಐದನೆಯದು. ತಿಮಿಂಗಿಲ ಎಡಕ್ಕೆ ಎದ್ದರೆ ನಾವು ಎಡಕ್ಕೆ, ಬಲಕ್ಕೆ ಎದ್ದರೆ ಬಲಕ್ಕೆ. ಪ್ರತಿ ಸಲವೂ ಎಂಜಿನ್ನು ಗುರ್ರೆಂದು ಏರಿಳಿದು ಡೀಸೆಲ್ ಹೊಗೆ ಡೆಕ್ಕಿನ ಮೇಲೆಯೇ ಸುಳಿಯುತ್ತಿತ್ತು. ಕೊನೆಗೊಮ್ಮೆ ಕ್ಯಾಪ್ಟನ್ ದೋಣಿಯನ್ನು ಅದರ ದಾರಿಗೇ ತಂದು ನಿಲ್ಲಿಸಿದ. ಆ ಪ್ರಾಣಿ ಕಹಳೆ ಊದಿದಂತೆ ಒಂದು ಒರಟು ಉಸಿರು ಬಿಟ್ಟು, ಬಾಲವನ್ನೂ ಎತ್ತದೆ ಮುಳುಗಿದ್ದು ಮತ್ತೆ ಕಾಣಲಿಲ್ಲ. ಮೈಕಿನಲ್ಲಿ ಮಾತ್ರ, "ಎಷ್ಟು ಹತ್ತಿರ ನೋಡಿದಿರಿ!" ಎಂಬ ಉತ್ಸಾಹ ಮುಂದುವರಿದಿತ್ತು.

ಅಪ್ಪ ಆಗ ಏನೂ ಹೇಳಲಿಲ್ಲ. ವಾಪಸ್ ಬರುವಾಗ ಗಿಲ್‌ರಾಯ್ ದಾಟುತ್ತಿದ್ದಂತೆ, ಕಾರಿನೊಳಗೆಲ್ಲ ಬೆಳ್ಳುಳ್ಳಿಯ ವಾಸನೆ ತುಂಬಿಕೊಂಡಾಗ (ಆ ಊರಿನ ಖ್ಯಾತಿಯೇ ಬೆಳ್ಳುಳ್ಳಿ), "ಅಲ್ಲ ಕಣಮ್ಮ, ಊಟಕ್ಕೆ ಕೂತವನ ಎಲೆ ಮುಂದೆ ಐದು ಲಾರಿ ತಂದು ನಿಲ್ಲಿಸಿದರೆ ಅವನು ಎದ್ದು ಹೋಗದೆ ಇನ್ನೇನು ಮಾಡ್ತಾನೆ" ಎಂದರು. ಆ ಮಾತು ನನ್ನನ್ನು ನಿಯಮ ಏನಿದೆ ಎಂದು ಹುಡುಕುವಂತೆ ಮಾಡಿತು. 1972ರ ಕಡಲ ಸಸ್ತನಿಗಳ ರಕ್ಷಣಾ ಕಾನೂನಿನ ಪ್ರಕಾರ ತಿಮಿಂಗಿಲಕ್ಕೆ ಕಿರುಕುಳ ಕೊಡುವುದು, ಅಂದರೆ ಅದರ ಉಣ್ಣುವ, ಉಸಿರಾಡುವ, ಮರಿಗೆ ಹಾಲೂಡಿಸುವ ನಡವಳಿಕೆ ಕೆಡುವಂತೆ ಮಾಡುವುದು ಅಪರಾಧ. ಅದನ್ನು ಪಾಲಿಸಲು ದೋಣಿಗಳಿಗೆ ಕೊಟ್ಟಿರುವ ಸೂಚನೆ, ಕನಿಷ್ಠ ನೂರು ಗಜ ದೂರ ಇರಬೇಕು, ಅದರ ದಾರಿಗೆ ಅಡ್ಡ ಬರಬಾರದು, ಸುತ್ತುವರಿಯಬಾರದು, ತಾನಾಗಿಯೇ ಹತ್ತಿರ ಬಂದರೆ ಎಂಜಿನ್ನನ್ನು ನ್ಯೂಟ್ರಲ್‌ಗೆ ಹಾಕಿ ಸುಮ್ಮನಿರಬೇಕು ಎಂಬುದು. ನೂರು ಗಜ ಎಂದರೆ ಎಷ್ಟು ಎಂದು ಕೇಳಿದ ಅಮ್ಮನಿಗೆ ಅಪ್ಪ ವಿವರಿಸಿದ್ದು ಹೀಗೆ: "ನಮ್ಮ ತೋಟದಲ್ಲಿ ಮೂವತ್ತು ಅಡಿಗೆ ಒಂದು ಗಿಡ ಹಾಕಿದೀವಲ್ಲ, ಹತ್ತು ಮರ ಎಣಿಸು." ಅಂದಿನಿಂದ ನಮ್ಮ ಮನೆಯಲ್ಲಿ ಆ ಅಳತೆಯ ಹೆಸರೇ ಹತ್ತು ಮರ. ಈ ಮೊದಲ ದೋಣಿಗೆ ಐದರಲ್ಲಿ ಎರಡು ಅಂಕ, ಅದೂ ಒಂದು ಸಂಗತಿಗಾಗಿ: ಡೆಕ್ಕಿನ ಹುಡುಗರು ವಾಂತಿ ಮಾಡಿಕೊಳ್ಳುತ್ತಿದ್ದವರನ್ನು ಬಹಳ ಮರ್ಯಾದೆಯಿಂದ ನೋಡಿಕೊಂಡರು. ಅವರಲ್ಲಿ ನನ್ನ ಅಮ್ಮನೂ ಒಬ್ಬರು.

ಹಾಗಾಗಿ ಎರಡನೆಯ ಬಾರಿಗೆ ಅಮ್ಮನನ್ನು ಒಪ್ಪಿಸುವುದಕ್ಕೆ ಎರಡು ತಿಂಗಳು ಬೇಕಾಯಿತು. ಸೆಪ್ಟೆಂಬರ್ ಕೊನೆಯ ವಾರದ ಒಂದು ಮಂಗಳವಾರ, ಮಾಸ್ ಲ್ಯಾಂಡಿಂಗ್‌ನಿಂದ ಹೊರಡುವ ಚಿಕ್ಕ ದೋಣಿ. ಜನ ಮೂವತ್ತರ ಒಳಗೆ. ಈ ಬಂದರನ್ನು ಆರಿಸಿದ್ದಕ್ಕೆ ಕಾರಣ ಆ ಕಮರಿ: ಇಲ್ಲಿ ಬಂದರಿನ ಬಾಗಿಲು ದಾಟುತ್ತಿದ್ದಂತೆಯೇ ಆಳ ಶುರುವಾಗುವುದರಿಂದ ಹೋಗಿ ಬರುವುದರಲ್ಲಿ ಕಳೆಯುವ ಸಮಯ ಉಳಿಯುತ್ತದೆ. ಊರಿನಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ. ವಿದ್ಯುತ್ ಸ್ಥಾವರದ ಎರಡು ಎತ್ತರದ ಚಿಮಣಿಗಳು ಮೈಲಿಗಟ್ಟಲೆ ದೂರದಿಂದ ದಾರಿ ತೋರಿಸುತ್ತವೆ. ಅವುಗಳ ಕೆಳಗೆ ಮೀನುದೋಣಿಗಳು, ಕಡಲಸಿಂಹಗಳ ಬೊಗಳಾಟ, ಮತ್ತು ಒಳನಾಲೆಯಲ್ಲಿ ಕಡಲ ನೀರುನಾಯಿಗಳು. ದೋಣಿ ಇನ್ನೂ ಬಂದರಿನೊಳಗೆ ಮೆಲ್ಲಗೆ ಸಾಗುತ್ತಿದ್ದಾಗಲೇ ಒಂದು ನೀರುನಾಯಿ ಅಂಗಾತ ಮಲಗಿ, ಎದೆಯ ಮೇಲೆ ಕಲ್ಲಿಟ್ಟುಕೊಂಡು, ಚಿಪ್ಪನ್ನು ಅದಕ್ಕೆ ಟಕಟಕ ಕುಟ್ಟುತ್ತಿತ್ತು. ತೆಂಗಿನಕಾಯಿಯ ಊರಿನವರಿಗೆ ಇದರಲ್ಲಿ ವಿವರಣೆ ಬೇಕಾದದ್ದೇನೂ ಇರಲಿಲ್ಲ. ತುಪ್ಪಳಕ್ಕಾಗಿ ಬೇಟೆಯಾಡಿ ಈ ಪ್ರಾಣಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಮುಗಿಸಿಯೇಬಿಟ್ಟರು ಎಂದು ಜನ ನಂಬಿದ್ದಾಗ, 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಉಳಿದಿದ್ದ ಒಂದು ಸಣ್ಣ ಗುಂಪು ಹೊರಜಗತ್ತಿಗೆ ಗೊತ್ತಾಯಿತಂತೆ. ಇಂದು ಕಾಣುವವು ಅವುಗಳ ಸಂತತಿ. ಇದನ್ನು ಹೇಳಿದವಳು ದೋಣಿಯಲ್ಲಿದ್ದ ನ್ಯಾಚುರಲಿಸ್ಟ್, ಕಡಲ ಜೀವಶಾಸ್ತ್ರ ಓದಿದ ಹುಡುಗಿ. ಆಕೆ ಇದ್ದದ್ದರಿಂದಲೇ ಆ ದಿನ ಆ ದಿನವಾಯಿತು ಎಂದು ಈಗ ಅನ್ನಿಸುತ್ತದೆ.

ಮಂಜು ಕವಿದಿತ್ತು. ಬೇಸಿಗೆಯಲ್ಲೂ ಮಾಂಟೆರೇಯಲ್ಲಿ ಮಂಜು ಕವಿಯುವುದಕ್ಕೆ ಕಾರಣ ಅದೇ ಮೇಲೇರಿದ ತಣ್ಣೀರು. ಸುಮಾರು ನಲವತ್ತು ನಿಮಿಷ ಏನೂ ಕಾಣಲಿಲ್ಲ. ಆ ನಲವತ್ತು ನಿಮಿಷ ಕ್ಯಾಪ್ಟನ್ ಎಲ್ಲಿಗೂ ಓಡಲಿಲ್ಲ. ಒಂದು ಕಡೆ ಎಂಜಿನ್ ನಿಲ್ಲಿಸಿ, ಎಲ್ಲರೂ ಐದು ನಿಮಿಷ ಮಾತಾಡದೆ ಕಿವಿಗೊಡಿ ಎಂದ. ಮೂವತ್ತು ಜನ ಒಟ್ಟಿಗೆ ಸುಮ್ಮನಾದದ್ದನ್ನು ನಾನು ಅಮೆರಿಕದಲ್ಲಿ ಕಂಡದ್ದು ಅದೇ ಮೊದಲು. ದೋಣಿಯ ಬದಿಗೆ ನೀರು ತಾಗುವ ಸದ್ದು, ಯಾರದೋ ಜಾಕೆಟ್ಟಿನ ಸರಸರ, ಆಮೇಲೆ ಬಲಗಡೆಯ ಬಿಳಿ ಮಂಜಿನೊಳಗಿನಿಂದ ಲಾರಿಯ ಏರ್ ಬ್ರೇಕ್ ಬಿಟ್ಟಂತೆ ಒಂದು ಉಸಿರು. ಅದಾಗಿ ಸ್ವಲ್ಪ ಹೊತ್ತಿಗೆ ಇನ್ನೊಂದು, ಅದಕ್ಕಿಂತ ಸಣ್ಣದು. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಸಿಕ್ಕ ಆ ಎರಡು ಉಸಿರುಗಳು ತಾಯಿ ಮತ್ತು ಮರಿಯವು ಎಂದು ಆ ಹುಡುಗಿ ಮೈಕ್ ಇಲ್ಲದೆಯೇ, ಮೆಲುದನಿಯಲ್ಲಿ ಹೇಳಿದಳು. ಮಂಜು ತೆಳುವಾದಾಗ ಅವು ಹತ್ತು ಮರಕ್ಕೂ ಆಚೆ ಇದ್ದವು, ಮತ್ತು ನಾವು ಅಲ್ಲೇ ನಿಂತೆವು.

ಅಲ್ಲೇ ನಿಂತದ್ದರಿಂದ ಮುಂದಿನ ಒಂದೂವರೆ ಗಂಟೆ ಸಿಕ್ಕಿತು. ನೀರಿನ ಮೇಲೆ ಹಕ್ಕಿಗಳು ಒಂದು ಕಡೆ ಮುತ್ತಿಕೊಂಡವು. ಕೆಳಗೆ ಆಂಚೊವಿಗಳು ಮಳೆ ಹನಿ ಬಿದ್ದಂತೆ ಚಟಪಟ ಹಾರಿದವು. ಕ್ಷಣದೊಳಗೆ ಆ ನೀರೇ ಉಬ್ಬಿ, ನಡುವಿನಿಂದ ಒಂದು ಬಾಯಿ ಮೇಲೆದ್ದಿತು. ತಿಮಿಂಗಿಲ ಎದ್ದಿತು ಎನ್ನುವುದಕ್ಕಿಂತ ಬಾಯಿ ಎದ್ದಿತು ಎನ್ನುವುದೇ ಸರಿ, ಏಕೆಂದರೆ ಕಂಡದ್ದು ಅಷ್ಟೇ: ಕೆಳದವಡೆಯ ಕೆಳಗಿನ ಚರ್ಮ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡು ನೀರಿನ ಸಮೇತ ಮೀನನ್ನು ತುಂಬಿಕೊಂಡು ಗುಡಾಣದಂತೆ ಊದಿತ್ತು, ಮೇಲ್ದವಡೆಯ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟುಗಳು ಸಾಲಾಗಿದ್ದವು, ತಪ್ಪಿಸಿಕೊಂಡ ನಾಲ್ಕಾರು ಮೀನುಗಳು ಅಂಚಿನಿಂದ ಹೊರಗೆ ಚಿಮ್ಮುತ್ತಿದ್ದವು. ಬಾಯಿ ಮುಚ್ಚಿತು. ನೀರು ಬದಿಗಳಿಂದ ಸೋರಿತು. ಈ ಸೋರುವಿಕೆಯ ರಹಸ್ಯವನ್ನು ತೋರಿಸಲು ಆ ಹುಡುಗಿ ಆಮೇಲೆ ಬಲೀನಿನ ಒಂದು ತುಂಡನ್ನು ಕೈಯಿಂದ ಕೈಗೆ ದಾಟಿಸಿದಳು. ಹಲ್ಲಿಲ್ಲದ ತಿಮಿಂಗಿಲಗಳ ಮೇಲ್ದವಡೆಯಿಂದ ಇಳಿಬಿದ್ದಿರುವ, ಉಗುರಿನಂಥ ಪದಾರ್ಥದಿಂದಲೇ ಆದ ಪಟ್ಟಿ ಅದು, ಒಳಗಿನ ಅಂಚೆಲ್ಲ ನಾರು. ಅಮ್ಮ ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಥೇಟ್ ನಮ್ಮ ತೆಂಗಿನ ನಾರು ಕಣೇ" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆಕೆ ನಕ್ಕು, ಮುಂದಿನ ಪ್ರಯಾಣಗಳಲ್ಲಿ ತಾನೂ ಹಾಗೆಯೇ ಹೇಳುವುದಾಗಿ ತಿಳಿಸಿದಳು. ಆ ನಾರಿನ ಜರಡಿಯಲ್ಲಿ ನೀರು ಹೊರಗೆ, ಮೀನು ಒಳಗೆ. ಹೀಗೆ ಒಂದು ಹಂಪ್‌ಬ್ಯಾಕ್ ದಿನಕ್ಕೆ ಒಂದು ಟನ್ನಿಗೂ ಮೀರಿ ತಿನ್ನಬಲ್ಲದು.

ಕೊನೆಯಲ್ಲಿ ಆ ಮರಿ ತಾನಾಗಿಯೇ ದೋಣಿಯ ಕಡೆ ಬಂದಿತು. ಎಂಜಿನ್ ಸುಮ್ಮನೆ ಇತ್ತು. ನೀರಿನ ಕೆಳಗೆ ಅದರ ಉದ್ದ ರೆಕ್ಕೆಗಳು ತಿಳಿಹಸಿರಾಗಿ ಹೊಳೆದವು, ಮರಿ ನಮ್ಮ ಕಂಬಿಯಿಂದ ಕಾರಿನಷ್ಟು ದೂರದಲ್ಲಿ ಎದ್ದು ಉಸಿರು ಬಿಟ್ಟಿತು, ಆ ತುಂತುರು ಎಲ್ಲರ ಮುಖದ ಮೇಲೆ ಬಿದ್ದಿತು. ಅದರ ವಾಸನೆಯ ಬಗ್ಗೆ ಯಾವ ಜಾಹೀರಾತೂ ಹೇಳುವುದಿಲ್ಲ: ಮೂರು ದಿನದ ಹಳೆಯ ಮೀನು ಮತ್ತು ಕೊಳೆತ ಕೋಸು. ಸಸ್ಯಾಹಾರಿಯಾದ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರೂ ಕಂಬಿ ಬಿಟ್ಟು ಹಿಂದೆ ಸರಿಯಲಿಲ್ಲ. ತಾಯಿ ಮುಳುಗುವಾಗ ಬಾಲವನ್ನು ಪೂರ್ತಿ ಎತ್ತಿತು. ನನ್ನ ಗಂಡ ಫೋಟೊ ತೆಗೆದರು. ಹಂಪ್‌ಬ್ಯಾಕಿನ ಬಾಲದ ಅಡಿಭಾಗದ ಕಪ್ಪು ಬಿಳುಪಿನ ಮಾದರಿ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದಕ್ಕೊಂದು ಬೇರೆಯಾಗಿರುತ್ತದೆ. ಹ್ಯಾಪಿವ್ಹೇಲ್ ಎಂಬ ಜಾಲತಾಣಕ್ಕೆ ಅಂಥ ಫೋಟೊ ಕೊಟ್ಟರೆ ಅದು ಹಿಂದಿನ ಫೋಟೊಗಳೊಂದಿಗೆ ಹೋಲಿಸಿ ಯಾವ ತಿಮಿಂಗಿಲ ಎಂದು ಗುರುತಿಸುತ್ತದೆ, ಮುಂದೆ ಅದು ಬೇರೆಲ್ಲಾದರೂ ಕಂಡರೆ ಫೋಟೊ ಕೊಟ್ಟವರಿಗೆ ತಿಳಿಸುತ್ತದೆ. ಫೆಬ್ರವರಿಯಲ್ಲಿ ನಮಗೆ ಅಂಥ ಪತ್ರ ಬಂತು, ಮೆಕ್ಸಿಕೋದಿಂದ. ತಿಪಟೂರಿಗೆ ಫೋನ್ ಮಾಡಿ ಹೇಳಿದರೆ ಅಪ್ಪನ ಮೊದಲ ಪ್ರಶ್ನೆ, ಜೊತೆಗೆ ಮರಿ ಇತ್ತೇ ಎಂಬುದಾಗಿತ್ತು. ಪತ್ರದಲ್ಲಿ ಅದು ಇರಲಿಲ್ಲ.

ಈ ದೋಣಿಗೆ ಐದರಲ್ಲಿ ನಾಲ್ಕೂಮುಕ್ಕಾಲು. ಕಾಲು ಅಂಕ ಕಳೆದದ್ದು ಶೌಚಾಲಯಕ್ಕೆ: ಬೀರುವಿನಷ್ಟು ಕಿರಿದಾದ ಕೋಣೆ, ಎತ್ತರದ ಹೊಸ್ತಿಲು, ಹಿಡಿಯಲು ಒಂದೇ ಕಂಬಿ, ಮಂಡಿ ನೋವಿರುವ ಎಪ್ಪತ್ತರ ಹೆಂಗಸಿಗೆ, ಅದೂ ಸೀರೆಯಲ್ಲಿ, ಅಲೆಯ ಮೇಲೆ ಅದು ಸುಲಭದ ಮಾತಲ್ಲ. ಸಲ್ವಾರ್ ಹಾಕಿಕೊಳ್ಳಿ ಎಂದು ನಾನು ಹೇಳಿದ್ದೆ, ಅವರು ಕೇಳಲಿಲ್ಲ. ದೊಡ್ಡ ದೋಣಿಯಲ್ಲಿ ಈ ಸೌಕರ್ಯ ಖಂಡಿತ ಉತ್ತಮವಾಗಿತ್ತು, ಓಲಾಟವೂ ಕಡಿಮೆ ಇತ್ತು. ನಡೆಯಲು ಕಷ್ಟಪಡುವವರನ್ನು ಕರೆದೊಯ್ಯುವವರು ಚಿಕ್ಕ ದೋಣಿಯೇ ಮೇಲು ಎಂಬ ನನ್ನ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ದೊಡ್ಡ ದೋಣಿಯಲ್ಲಿಯೂ ವಾರದ ನಡುವಿನ ದಿನ ಹೋದರೆ ಜನಸಂದಣಿ ಇರುವುದಿಲ್ಲ. ರಬ್ಬರಿನ ವೇಗದ ದೋಣಿಗಳೂ ಸಿಗುತ್ತವೆ. ಬೆನ್ನುನೋವಿನವರಿಗೂ ಹಿರಿಯರಿಗೂ ಅವು ಬೇಡ.

ಮೂರನೆಯದು ಜನವರಿಯದ್ದು, ಅಪ್ಪ ಅಮ್ಮ ಊರಿಗೆ ಮರಳಿದ ಮೇಲೆ. ಗ್ರೇ ತಿಮಿಂಗಿಲಗಳು ದಡದ ಹತ್ತಿರವೇ, ದಾರಿ ತಪ್ಪದ ಎತ್ತಿನ ಹಾಗೆ ದಕ್ಷಿಣಕ್ಕೆ ನಡೆಯುತ್ತಿರುತ್ತವೆ. ಮೂರು ನಾಲ್ಕು ಸಲ ಉಸಿರು, ಒಮ್ಮೆ ಬಾಲ, ಮತ್ತೆ ಐದಾರು ನಿಮಿಷ ಏನೂ ಇಲ್ಲ. ಹೋಗಿ ಬರುವ ಹದಿನಾರು ಇಪ್ಪತ್ತು ಸಾವಿರ ಕಿಲೋಮೀಟರ್‌ಗಳ ದಾರಿಯಲ್ಲಿ ಆಟಕ್ಕೆ ಪುರುಸೊತ್ತು ಎಲ್ಲಿಯದು? 1994ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಹೊರಬಂದಿದ್ದ ಈ ಪೂರ್ವ ಪೆಸಿಫಿಕ್ಕಿನ ಗ್ರೇ ತಿಮಿಂಗಿಲಗಳು 2019ರಿಂದ 2023ರವರೆಗೆ ಅಸಹಜ ಸಂಖ್ಯೆಯಲ್ಲಿ ಸತ್ತು ದಡಕ್ಕೆ ಬಿದ್ದವು, ಬಹಳಷ್ಟು ಬಡಕಲಾಗಿ. ಉತ್ತರದ ಕಡಲಿನಲ್ಲಿ ಅವುಗಳ ಆಹಾರ ಕಡಿಮೆಯಾದದ್ದೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಇಷ್ಟು ಮಾಹಿತಿಯನ್ನು ದೋಣಿಯಲ್ಲಿ ಹೇಳುವವರು ಇರಲಿಲ್ಲ. ಕ್ಯಾಪ್ಟನ್ ಸಜ್ಜನ, ದೂರ ಕಾಯ್ದುಕೊಂಡ, ಆದರೆ ನ್ಯಾಚುರಲಿಸ್ಟ್ ಅಂದು ರಜೆಯಲ್ಲಿದ್ದರು ಮತ್ತು ಆ ಸಂಗತಿ ದೋಣಿ ಹೊರಟ ಮೇಲೆ ತಿಳಿಯಿತು. ಅರ್ಧದಷ್ಟು ಜನ ಒಳಗೆ ಕುಳಿತು ಫೋನ್ ನೋಡುತ್ತಿದ್ದರು. ಮೂರು ಅಂಕ.

ಟಿಕೆಟ್ ತೆಗೆಯುವಾಗ ಕಣ್ಣಿಗೆ ಹೊಡೆಯುವ ಮಾತು ಗ್ಯಾರಂಟಿ: ತಿಮಿಂಗಿಲ ಕಾಣದಿದ್ದರೆ ಇನ್ನೊಮ್ಮೆ ಉಚಿತ. ಅದನ್ನು ಎರಡು ಸಲ ಓದಬೇಕು. ಕೆಲವರ ಗ್ಯಾರಂಟಿಯಲ್ಲಿ ಡಾಲ್ಫಿನ್ ಕಂಡರೂ ಲೆಕ್ಕ ಚುಕ್ತಾ. ಹಣ ವಾಪಸ್ ಕೊಡುವುದು ಅಪರೂಪ, ಕೊಡುವುದು ಇನ್ನೊಂದು ಪ್ರಯಾಣದ ಚೀಟಿ. ಮುಂದಿನ ವಾರ ಬೆಂಗಳೂರಿನ ವಿಮಾನ ಹತ್ತುವವರಿಗೆ ಆ ಚೀಟಿ ಯಾತಕ್ಕೆ? ಈ ಗ್ಯಾರಂಟಿಗೆ ಬದಲಾಗಿ ಮೂರು ಪ್ರಶ್ನೆಗಳನ್ನು ಫೋನಿನಲ್ಲಿ ಕೇಳುವುದನ್ನು ನಾನು ಈಗ ರೂಢಿ ಮಾಡಿಕೊಂಡಿದ್ದೇನೆ: ಅಂದು ದೋಣಿಯಲ್ಲಿ ನ್ಯಾಚುರಲಿಸ್ಟ್ ಇರುತ್ತಾರೆಯೇ, ಎಷ್ಟು ಜನರಿಗೆ ಟಿಕೆಟ್ ಮಾರುತ್ತೀರಿ, ಗಾಳಿ ಜೋರಾಗಿದ್ದರೆ ರದ್ದು ಮಾಡಿ ಹಣ ಕೊಡುತ್ತೀರಾ. ಮೂರನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ನೋಡಬಹುದು. ಬೆಳಗಿನ ದೋಣಿಯೇ ಮೇಲು, ಏಕೆಂದರೆ ಈ ಕೊಲ್ಲಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ.

ಕಡಲ ವಾಂತಿಯ ಮಾತ್ರೆಯನ್ನು ದೋಣಿ ಹತ್ತಿದ ಮೇಲೆ ನುಂಗಿದರೆ ಏನೂ ಪ್ರಯೋಜನವಿಲ್ಲ ಎಂಬುದು ಅಮ್ಮನ ಮೊದಲ ಪ್ರಯಾಣದ ಪಾಠ. ಮೆಕ್ಲಿಜಿನ್ ಮಾತ್ರೆಯನ್ನು ಕನಿಷ್ಠ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಗ್ಲೂಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಎರಡನೆಯ ಸಲ ಅಮ್ಮ ಮಾತ್ರೆಯನ್ನೂ ನುಂಗಿ, ನಂಬಿಕೆ ಸಾಲದೆ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಚೂರುಗಳನ್ನೂ ಬಾಯಲ್ಲಿಟ್ಟುಕೊಂಡು, ದೋಣಿಯ ಹಿಂಭಾಗದಲ್ಲಿ ನಡುವಿಗೆ ಕುಳಿತು ದಿಗಂತವನ್ನೇ ನೋಡುತ್ತಿದ್ದರು. ಅವುಗಳಲ್ಲಿ ಯಾವುದು ಕೆಲಸ ಮಾಡಿತೋ, ಹೊಟ್ಟೆ ತೊಳಸಲಿಲ್ಲ. ಮೂತಿಯ ಕಡೆ ನಿಂತರೆ ನೋಟ ಚೆನ್ನ, ಏರಿಳಿತ ಮಾತ್ರ ಎರಡರಷ್ಟು. ಸನಿವೇಲ್‌ನಲ್ಲಿ ಬಿಸಿಲು ಚುರುಗುಟ್ಟುತ್ತಿದ್ದರೂ ಕೊಲ್ಲಿಯ ಮೇಲೆ ಸ್ವೆಟರ್ರು, ಅದರ ಮೇಲೊಂದು ಗಾಳಿ ತಡೆಯುವ ಜಾಕೆಟ್ಟು ಬೇಕೇ ಬೇಕು. ನಾನು ವಿಮಾನ ನಿಲ್ದಾಣದಲ್ಲಿ ತೆಗೆಸಿಟ್ಟಿದ್ದ ಅಪ್ಪನ ಮಂಕಿ ಕ್ಯಾಪ್ ಆ ದಿನ ಮರ್ಯಾದೆಯಿಂದ ಹೊರಗೆ ಬಂದಿತು. ಬೆಳಿಗ್ಗೆ ಎರಡು ಇಡ್ಲಿ ಸಾಕು, ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗುವೂ ಬೇಡ.

ಬೇಗ ತಲುಪಿ ಸಮಯ ಉಳಿದವರು ಕಾರ್ಮೆಲ್ ದಾಟಿ ಪಾಯಿಂಟ್ ಲೋಬೋಸ್‌ಗೆ ಹೋಗಿ, ಅಲ್ಲಿರುವ, ತಿಮಿಂಗಿಲ ಬೇಟೆಗಾರರ ಹೆಸರು ಹೊತ್ತ ಹಳೆಯ ಮರದ ಗುಡಿಸಲನ್ನು ನೋಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಕರಾವಳಿಯಲ್ಲಿ ಗುಡ್ಡದ ಮೇಲೆ ಕಾವಲು ನಿಂತು, ಉಸಿರಿನ ಕಾರಂಜಿ ಕಂಡ ಕೂಡಲೇ ದೋಣಿ ಇಳಿಸಿ, ಎಣ್ಣೆಗಾಗಿ ಕೊಲ್ಲುತ್ತಿದ್ದರು. ಹಂಪ್‌ಬ್ಯಾಕಿನ ಬೇಟೆ ಅಂತರರಾಷ್ಟ್ರೀಯವಾಗಿ ನಿಂತದ್ದು 1966ರಲ್ಲಿ. ಉಸಿರು ಕಂಡ ಕೂಡಲೇ ಕೂಗುವ ಕೆಲಸ ಇಂದಿಗೂ ಇದೆ, ಕೂಗುವವರು ಮಾತ್ರ ಟಿಕೆಟ್ ಕೊಂಡವರು. ನಮ್ಮ ಕಡೆ ತಿಮಿಂಗಿಲ ಸುದ್ದಿಗೆ ಬರುವುದು ಅಂಬರ್‌ಗ್ರೀಸ್ ಸಾಗಿಸುತ್ತಿದ್ದವರನ್ನು ಪೊಲೀಸರು ಹಿಡಿದಾಗ. "ಪೇಪರಿನಲ್ಲಿ ಬರುತ್ತಲ್ಲ, ತಿಮಿಂಗಿಲದ ವಾಂತಿ, ಅದನ್ನೂ ಕೊಡ್ತಾರಾ?" ಎಂದು ಅಪ್ಪ ಟಿಕೆಟ್ ಕೌಂಟರಿನ ಮುಂದೆ ಕೇಳಿದ್ದನ್ನು ನಾನು ಅನುವಾದಿಸಲಿಲ್ಲ. ಅದು ಸ್ಪರ್ಮ್ ತಿಮಿಂಗಿಲದ್ದು. ಈ ಪ್ರಯಾಣಗಳಲ್ಲಿ ಕಾಣುವುದು ಬಹಳ ವಿರಳ.

ಮುಂದಿನ ಸಲ ಏಪ್ರಿಲ್ ಕೊನೆಗೆ ಬರುವುದೆಂದು ಅಪ್ಪ ಹೇಳಿದ್ದಾರೆ, ಓರ್ಕಾ ನೋಡಬೇಕಂತೆ. ಅದೇ ಚಿಕ್ಕ ದೋಣಿಗೆ ಎರಡು ಟಿಕೆಟ್ ಕೇಳಿಟ್ಟಿದ್ದೇನೆ. ಓರ್ಕಾಗಳು ಅಲ್ಲಿಗೆ ಬರುವುದು ಯಾತಕ್ಕೆ ಎಂದು ತಿಳಿದ ಮೇಲೆ ಅಮ್ಮ, "ತಾಯಿ ಮುಂದೆ ಮರಿ ಹಿಡಿಯೋದನ್ನ ದುಡ್ಡು ಕೊಟ್ಟು ನೋಡ್ಬೇಕೇನೇ? ನಾನು ಒಲ್ಲೆ" ಎಂದಿದ್ದಾರೆ, ಅವರಿಗೆ ಅಂದು ಅಕ್ವೇರಿಯಂ.